ಅರಮನೆ ಕಣಜಕ್ಕೇ ಕೊಳಗ ಇಟ್ಟದ್ದು

"ಬೆಳೆಯೋದ್ರಲ್ಲಿ ನಮ್ಮ ಸೀಮೆಗೆ ಸಾಟಿ ಯಾರಿದ್ದಾರೆ?" ಅಂತ ಉದ್ದಂಡರಾಯ ದೊರೆ ತುಂಬಿದ ಸಭೇಲಿ ಮೀಸೆ ತಿರುವಿದ. "ಆದ್ರೂ ಸಂತೇಲಿ ರಾಗಿ ಹುಡುಕಿದ್ರೂ ಸಿಗಲ್ಲ. ರೈತರು ಎಲ್ಲಾನೂ ನೆಲದ ಹಗೇವಿಗೆ ಸುರಿದು, ಮೇಲೆ ಮಣ್ಣು ಮುಚ್ಚಿ ಕೂತಿದ್ದಾರೆ. ನಾಳೆಯಿಂದ ಯಾರ ಮನೇಲಿ ಕಾಳಿದ್ರೂ ಅರ್ಧ ಸಂತೆಗೆ ಬರಬೇಕು. ಪುಟ್ಟಮಾರ, ನೀನೇ ನಿಂತು ಅಳೆಸು!"

ಪುಟ್ಟಮಾರ ಆಸ್ಥಾನದ ಮಾತುಗಾರ. ನಿನ್ನೆ ತಾನೇ ಹೊಳೆಯಾಚೆ ಹಳ್ಳಿಯ ಸಣ್ಣಮಂಚಮ್ಮನ ಮನೇಲಿ ಮುದ್ದೆ ಉಂಡು, ಅವಳ ಕಷ್ಟಸುಖ ಕೇಳಿ ಬಂದಿದ್ದ. ಎರಡು ತುಂಡು ಹೊಲ, ಒಂಬತ್ತು ಬಾಯಿ. ಹಗೇವಲ್ಲಿ ಅರ್ಧ ಹೋದ್ರೆ ಯುಗಾದಿ ಕಳೀತಿದ್ದಂಗೆ ಅವಳ ಒಲೆ ಆರುತ್ತೆ. ಅದನ್ನ ದೊರೆಗೆ ಹೇಳಿದ್ರೆ ಇವತ್ತೇ ಇವನ ಉಸಿರು ಆರುತ್ತೆ.

"ಅಪ್ಪಣೆ ಬುದ್ಧಿ," ಅಂದ.

ಮಾರನೇ ಬೆಳಿಗ್ಗೆ ದೊರೆ ಕ್ಷೌರಕ್ಕೆ ಕೂತಿದ್ದ. ಹಿತ್ತಲಲ್ಲಿ ತಮಟೆ! ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕುರುಚಲು, ಹಂಗೇ ಓಡಿ ಬಂದ. ಅರಮನೆ ಕಣಜದ ಬಾಗಿಲು ಹಾರು ಹೊಡೆದಿದೆ. ಪುಟ್ಟಮಾರ ಕೊಳಗದಲ್ಲಿ ಅಳೀತಿದ್ದಾನೆ, ಆಳುಗಳು ಮೂಟೆ ಹೊಲೀತಿದ್ದಾರೆ.

"ಏನೋ ಇದು, ದರೋಡೆ?"

"ಯಾರ ಮನೇಲಿದ್ರೂ ಅಂದ್ರಲ್ಲ ಬುದ್ಧಿ. ಹತ್ತಿರದ ಮನೆಯಿಂದ ಶುರು ಮಾಡ್ದೆ."

"ಮುಟ್ಟಬೇಡ! ಮುಂದಿನ ವರ್ಷ ಮಳೆ ಕೈಕೊಟ್ರೆ?"

"ರೈತ ಹೆಂಗಸು ಸಣ್ಣಮಂಚಮ್ಮನ ಚಿಂತೇನೂ ಅದೇ."

"ಬಿತ್ತನೆಗೆ ಬೇಡ್ವಾ? ರಾಣಿ ತವರಿನೋರು ದಂಡು ಕಟ್ಕೊಂಡು ಬಂದ್ರೆ?"

"ಅವಳ ನಾದಿನೀನೂ ಹಂಗೇ ಬರೋದು."

"ಈಗ ಸುಗ್ಗಿ ಕಣೋ, ಮಳೆಗಾಲಕ್ಕೆ ಧಾರಣೆ ಎರಡರಷ್ಟಾಗುತ್ತೆ. ಈಗ ಮಾರೋನು ಹುಚ್ಚ!"

"ಅವಳೂ ಅದನ್ನೇ ಅಂದ್ಲು. ಬೈಗುಳ ಇನ್ನೂ ಚೆನ್ನಾಗಿತ್ತು."

"ನಮ್ಮ ಆನೆಗಳು ಏನ್ ತಿನ್ಬೇಕು?"

"ಅವಳಿಗೆ ಆನೆ ಇಲ್ಲ ಬುದ್ಧಿ, ಅತ್ತೆ ಇದ್ದಾಳೆ. ಊಟ ಹೆಚ್ಚುಕಡಿಮೆ ಅಷ್ಟೇ."

ಹಿಂದೆ ಕತ್ತಿ ಹಿಡ್ಕೊಂಡು ನಿಂತಿದ್ದ ಕ್ಷೌರಿಕ ಕಿಸಕ್ಕಂದ. ದೊರೆ ಕುರುಚಲು ಕೆನ್ನೆ ಕೆರ್ಕೊಂಡ.

"ಸರಿ, ಅರ್ಧದ ಅಪ್ಪಣೆ ಬಿಟ್ಟೆ. ಉಂಡು ಮಿಕ್ಕಿದ್ದನ್ನಾದ್ರೂ ತರಬಹುದಲ್ಲ?"

"ತರ್ತಾರೆ. ಹೊಳೇಲಿ ಗಾಡಿ ಹೂತು ಮೂಟೆ ನೆನೆಯುತ್ತೆ. ಸುಂಕದ ಕಟ್ಟೇಲಿ ನಿಮ್ಮೋರು ಮೂಟೆಗೊಂದು ಕೊಳಗ ಬಾಚ್ತಾರೆ. ಸಂತೆ ಸೇರೋ ಹೊತ್ತಿಗೆ ಸಂಜೆ. ವಾಪಸ್ ಹೊತ್ಕೊಂಡು ಹೋಗೋಕಾಗಲ್ಲ ಅಂತ ಗೊತ್ತಿದ್ದು ವ್ಯಾಪಾರಿ ಮೂರು ಕಾಸಿಗೆ ಕೇಳ್ತಾನೆ. ಒಂದು ಸಲ ಬಂದೋನು ಇನ್ನೊಂದು ಸಲ ಬರಲ್ಲ. ಸುಂಕ ತೆಗೆದುಹಾಕಿ, ಹೊಳೆಗೆ ಸೇತುವೆ ಕಟ್ಸಿ, ಆಮೇಲೆ ನೋಡಿ."

"ಸೇತುವೆನಾ! ಅಷ್ಟು ಜನ ಕೆಲಸದೋರಿಗೆ ಕೂಲಿ ಕಾಳು ಎಲ್ಲಿಂದ ತರ್ಲೋ?"

ಪುಟ್ಟಮಾರ ಕೊಳಗ ಕೆಳಗಿಟ್ಟು ಕೈ ಮುಗಿದ.

"ಆಗ್ಲೇ ನಲವತ್ತು ಮೂಟೆ ಹೊಲಿದಾಗಿದೆ ಬುದ್ಧಿ."

ದೊರೆ ಹೊಟ್ಟೆ ಹಿಡ್ಕೊಂಡು ನಕ್ಕ. "ಹೊಳೆ ಕಡೆಗೆ ಗಾಡಿ ಕಟ್ರೋ, ಈ ಕಳ್ಳ ಐವತ್ತು ಮಾಡೋದ್ರೊಳಗೆ!"