ಡೇರೆ ಹೂವಿಗೆ ಬಿಸಿನೀರು

ಎಲ್ಲರೂ ಕೂತಿರಾ? ಕೂತವರು ಒಂದು ಕೈ ಖಾಲಿ ಇಟ್ಟುಕೊಳ್ಳಿ. ಈ ಕಥೆಗೆ ಒಂದು ಗಲ್ಲ ಬೇಕು. ಗಲ್ಲಕ್ಕೆ ಒಂದು ಕೈ ಬೇಕು. ಯಾಕೆ ಅಂತ ಈಗಲೇ ಕೇಳಬೇಡಿ.

ಗುಡ್ಡದ ಮೇಲೆ ಒಂದು ಊರು. ಊರಲ್ಲಿ ಒಂದು ಹೆಂಚಿನ ಮನೆ. ಮನೆಯಲ್ಲಿ ಬೆಳ್ಳಿ ಎಂಬ ಹುಡುಗಿ. ಬೆಳ್ಳಿಗೆ ಒಬ್ಬಳು ಅಮ್ಮ. ಒಬ್ಬಳು ಅಜ್ಜಿ. ಒಂಬತ್ತು ದಿನದಿಂದ ಒಂದು ಪಾಪು.

ಅಮ್ಮ ಬಾಣಂತಿ. ಬಾಣಂತಿ ಕೋಣೆಯಿಂದ ಹೊರಗೆ ಬರುವ ಹಾಗಿಲ್ಲ. ಗಾಳಿ ತಾಕಬಾರದು. ತಲೆಗೆ ಬಟ್ಟೆ. ಕಿವಿಗೆ ಹತ್ತಿ. ಕಿಟಕಿಗೆ ಚಿಲಕ. ಬಾಗಿಲಿಗೆ ಹಳೇ ಸೀರೆಯ ಪರದೆ. ಪರದೆಯ ಹೊರಗೆ ಅಜ್ಜಿಯ ಕಾವಲು.

ಅಂಗಳದಲ್ಲಿ ಎರಡು ಡೇರೆ ಗಿಡ. ಪಾಪು ಹೊಟ್ಟೆಯಲ್ಲಿದ್ದಾಗ ಅಮ್ಮನೇ ಗೆಡ್ಡೆ ನೆಟ್ಟಿದ್ದಳು. ಅಮ್ಮನೇ ಕೋಲು ಊರಿ ಕಟ್ಟಿದ್ದಳು. ದೊಡ್ಡ ಗಿಡದಲ್ಲಿ ಒಂದೇ ಒಂದು ಮೊಗ್ಗು. ಚಿಕ್ಕ ಗಿಡದಲ್ಲಿ ಅದೂ ಇಲ್ಲ.

ಒಂದು ದಿನ ಮೊಗ್ಗು ಅರಳಿತು. ಅಬ್ಬಬ್ಬಾ! ಕೆಂಪು ಹೂ. ಊಟದ ತಟ್ಟೆಯಷ್ಟು ಅಗಲ.

"ಅಮ್ಮಾ, ನಿನ್ನ ಡೇರೆ ಅರಳಿತು!"

"ಹೌದೇನೇ? ನಾನು ನೆಟ್ಟ ಹೂ. ಊರೆಲ್ಲ ನೋಡಿತು, ನಾನೊಬ್ಬಳೇ ನೋಡಿಲ್ಲ. ತಂದು ತೋರಿಸು ಮಗಳೇ."

ಆಗ ನಡು ಮಧ್ಯಾಹ್ನ. ನೆತ್ತಿಯ ಮೇಲೆ ಬಿಸಿಲು. ಬೆಳ್ಳಿ ಓಡಿದಳು. ಹೂ ಕೊಯ್ದಳು. ಬಾಗಿಲಿಗೆ ಬಂದಳು.

"ಶ್‌! ಪಾಪು ಈಗ ತಾನೇ ಮಲಗಿತು. ಆಮೇಲೆ ಬಾ," ಅಂದಳು ಅಜ್ಜಿ.

ಬೆಳ್ಳಿ ಹೂವನ್ನು ಜಗಲಿಯ ಕಲ್ಲಿನ ಮೇಲೆ ಇಟ್ಟಳು. ಕಲ್ಲು ಕಾದಿತ್ತು. ನೀರಿಗಿಡಲಿಲ್ಲ. ನೆರಳಿಗಿಡಲಿಲ್ಲ. ಕುಂಟೆಬಿಲ್ಲೆ ಆಡಿದಳು. ಒಂದಾಟ ಆಡಿದಳು. ಎರಡಾಟ ಆಡಿದಳು. ತಿರುಗಿ ನೋಡಿದಳು.

ಹೂ ತಲೆ ಬಾಗಿಸಿತ್ತು! ಇದ್ದದ್ದೇ ಒಂದು ಹೂ. ಅದೂ ತಲೆ ಬಾಗಿಸಿತ್ತು!

ಬೆಳ್ಳಿ ಕಣ್ಣು ಬಿಟ್ಟಳು. ಬಾಯಿ ಬಿಟ್ಟಳು. ಕೈ ಗಲ್ಲಕ್ಕಿಟ್ಟಳು.

"ಹೂವೇ ಹೂವೇ, ತಲೆ ಎತ್ತು. ನಮ್ಮಮ್ಮ ನಿನ್ನ ನೋಡಬೇಕು!"

ಹೂ ಪಿಸುಪಿಸು ಅಂದಿತು. "ಬಿಸಿಲಲ್ಲಿ ಕೊಯ್ದೆ. ಕಲ್ಲ ಮೇಲೆ ಇಟ್ಟೆ. ನನ್ನ ಕಾಲು ಬಿಗಿದುಕೊಂಡಿದೆ. ನೀರು ಮೇಲೇರುತ್ತಿಲ್ಲ. ನನ್ನ ಕಾಲಿಗೆ ಬಿಸಿನೀರು ಬೇಕು. ದೀಪ ಹಚ್ಚುವುದರೊಳಗೆ ಬೇಕು. ಆಮೇಲೆ ತಂದರೆ ನಾನು ಏಳುವುದಿಲ್ಲ."

ಬಿಸಿನೀರಾ?

ಬೆಳ್ಳಿ ಕಣ್ಣು ಬಿಟ್ಟಳು. ಬಾಯಿ ಬಿಟ್ಟಳು. ಕೈ ಗಲ್ಲಕ್ಕಿಟ್ಟಳು. ಆಮೇಲೆ ಕೈ ತೆಗೆದು ಅಜ್ಜಿಯ ಹತ್ತಿರ ಓಡಿದಳು.

"ಅಜ್ಜಿ ಅಜ್ಜಿ, ಬಿಸಿನೀರು ಕೊಡು. ಹೂ ತಲೆ ಬಾಗಿಸಿದೆ. ಹೂವಿಗೆ ಬಿಸಿನೀರು ಬೇಕು. ನಮ್ಮಮ್ಮ ಹೂ ನೋಡಬೇಕು!"

ಅಜ್ಜಿ ಕಣ್ಣು ಬಿಟ್ಟಳು. ಬಾಯಿ ಬಿಟ್ಟಳು. ಕೈ ಗಲ್ಲಕ್ಕಿಟ್ಟಳು.

"ಹೂವಿಗೆ ಬಿಸಿನೀರಾ? ಹೂವೇನು ಬಾಣಂತಿಯಾ? ನಿಮ್ಮಮ್ಮನ ಬೆಳಗಿನ ಸ್ನಾನಕ್ಕೇ ಸೌದೆ ಮುಗೀತು. ಹಂಡೆ ತಣ್ಣಗಿದೆ. ಸೌದೆ ತಾ, ಬಿಸಿನೀರು ಕೊಡ್ತೀನಿ."

ಬೆಳ್ಳಿ ಹೋದಳು. ಹೋದಳು. ಸೌದೆ ಮಾರುವ ಚಿಕ್ಕೀರನ ಹತ್ತಿರ ಹೋದಳು.

"ಮಾವ ಮಾವ, ಸೌದೆ ಕೊಡು. ಹೂ ತಲೆ ಬಾಗಿಸಿದೆ. ಹೂವಿಗೆ ಬಿಸಿನೀರು ಬೇಕು. ನೀರಿಗೆ ಸೌದೆ ಬೇಕು. ನಮ್ಮಮ್ಮ ಹೂ ನೋಡಬೇಕು!"

ಚಿಕ್ಕೀರ ಕಣ್ಣು ಬಿಟ್ಟ. ಬಾಯಿ ಬಿಟ್ಟ. ಕೈ ಗಲ್ಲಕ್ಕಿಟ್ಟ.

"ಹೂವಿಗೆ ಬಿಸಿನೀರಾ? ಬೇಯಿಸಿ ಸಾರು ಮಾಡ್ತೀರಾ? ಸೌದೆ ಏನೋ ಇದೆ. ಹೊರೆ ಕಟ್ಟೋ ಹಗ್ಗ ಕಿತ್ತುಹೋಗಿದೆ. ಒಂದೊಂದೇ ತುಂಡು ಹೊತ್ತು ತಂದರೆ ನಾಳೆ ಆಗುತ್ತೆ. ಹಗ್ಗ ತಾ, ಸೌದೆ ತರ್ತೀನಿ."

ಬೆಳ್ಳಿ ಹೋದಳು. ಹೋದಳು. ಹಗ್ಗ ಹುಡುಕುತ್ತಾ ಹೋದಳು. ಗೂಟದಲ್ಲಿ ಕೆಂದಿ ಹಸು. ಕೆಂದಿಯ ಕೊರಳಲ್ಲಿ ಹಗ್ಗ.

"ಕೆಂದಿ ಕೆಂದಿ, ಹಗ್ಗ ಕೊಡು. ಹೂ ತಲೆ ಬಾಗಿಸಿದೆ. ಹೂವಿಗೆ ಬಿಸಿನೀರು ಬೇಕು. ನೀರಿಗೆ ಸೌದೆ ಬೇಕು. ಸೌದೆಗೆ ಹಗ್ಗ ಬೇಕು. ನಮ್ಮಮ್ಮ ಹೂ ನೋಡಬೇಕು!"

ಕೆಂದಿ ಕಣ್ಣು ಬಿಟ್ಟಿತು. ಬಾಯಿ ಬಿಟ್ಟಿತು. ಕೈ? ಹಸುವಿಗೆ ಕೈ ಎಲ್ಲಿದೆ? ಬಾಲ ಬೆನ್ನಿಗಿಟ್ಟಿತು.

"ಹೂವಿಗೆ ಬಿಸಿನೀರಾ? ಇಷ್ಟು ಹಾಲು ಕೊಡೋ ನನಗೇ ತಣ್ಣೀರು! ನೋಡು, ನನಗೆ ಹಸಿವು. ಹಗ್ಗ ಬಿಚ್ಚಿದರೆ ನಿಮ್ಮ ಅಂಗಳಕ್ಕೇ ನುಗ್ತೀನಿ. ಆ ಚಿಕ್ಕ ಡೇರೆ ಗಿಡ ಒಂದು ತುತ್ತು ನನಗೆ. ಹುಲ್ಲು ತಾ, ಇಲ್ಲೇ ನಿಂತಿರ್ತೀನಿ, ಹಗ್ಗ ಬಿಚ್ಚಿಕೋ."

ಬೆಳ್ಳಿ ಹೋದಳು. ಹೋದಳು. ಬದುವಿನ ಮೇಲೆ ಹೊಂಬಕ್ಕ ಕೂತಿದ್ದಳು. ಹುಲ್ಲು ಕೊಯ್ಯುವ ಹೊಂಬಕ್ಕ.

"ಹೊಂಬಕ್ಕ ಹೊಂಬಕ್ಕ, ಹುಲ್ಲು ಕೊಡು. ಹೂ ತಲೆ ಬಾಗಿಸಿದೆ. ಹೂವಿಗೆ ಬಿಸಿನೀರು ಬೇಕು. ನೀರಿಗೆ ಸೌದೆ ಬೇಕು. ಸೌದೆಗೆ ಹಗ್ಗ ಬೇಕು. ಹಗ್ಗಕ್ಕೆ ಹುಲ್ಲು ಬೇಕು. ನಮ್ಮಮ್ಮ ಹೂ ನೋಡಬೇಕು!"

ಹೊಂಬಕ್ಕ ಕಣ್ಣು ಬಿಟ್ಟಳು. ಬಾಯಿ ಬಿಟ್ಟಳು. ಕೈ ಗಲ್ಲಕ್ಕಿಟ್ಟಳು.

"ಹೂವಿಗೆ ಬಿಸಿನೀರಾ? ಬೆನ್ನು ಉಜ್ಜೋರು ಯಾರೇ? ಹುಲ್ಲು ಬೇಕಾದಷ್ಟಿದೆ. ನನ್ನ ಕುಡುಗೋಲು ಮೊಂಡು. ಬೆಳಗಿನಿಂದ ಎಳೀತಿದೀನಿ, ಒಂದು ಹಿಡಿ ಆಗಿಲ್ಲ. ಇದನ್ನ ಹರಿತ ಮಾಡಿಸಿ ತಾ, ಹುಲ್ಲು ಕೊಡ್ತೀನಿ. ಹಿಡಿ ಹಿಡ್ಕೋ. ಅಲಗು ಕೆಳಗೆ. ಓಡಬೇಡ!"

ಬೆಳ್ಳಿ ಓಡಲಿಲ್ಲ. ಬೇಗ ಬೇಗ ನಡೆದಳು. ಕಾಳಾಚಾರಿಯ ಕುಲುಮೆಗೆ ಹೋದಳು. ಢಣ್‌! ಢಣ್‌! ಕಾಳಾಚಾರಿ ಕಬ್ಬಿಣ ಬಡಿಯುತ್ತಿದ್ದ.

"ತಾತ ತಾತ, ಕುಡುಗೋಲು ಹರಿತ ಮಾಡು. ಹೂ ತಲೆ ಬಾಗಿಸಿದೆ. ಹೂವಿಗೆ ಬಿಸಿನೀರು ಬೇಕು. ನೀರಿಗೆ ಸೌದೆ ಬೇಕು. ಸೌದೆಗೆ ಹಗ್ಗ ಬೇಕು. ಹಗ್ಗಕ್ಕೆ ಹುಲ್ಲು ಬೇಕು. ಹುಲ್ಲಿಗೆ ಕುಡುಗೋಲು ಬೇಕು. ನಮ್ಮಮ್ಮ ಹೂ ನೋಡಬೇಕು!"

ಕಾಳಾಚಾರಿ ಕಣ್ಣು ಬಿಡಲಿಲ್ಲ. ಬಾಯಿ ಬಿಡಲಿಲ್ಲ. ಕೈ ಗಲ್ಲಕ್ಕಿಡಲಿಲ್ಲ.

"ಸರಿಯಾಗೇ ಇದೆ," ಅಂದ. "ಬಿಸಿ ಕಬ್ಬಿಣಕ್ಕೆ ತಣ್ಣೀರು. ಬಾಡಿದ ಹೂವಿಗೆ ಬಿಸಿನೀರು. ಅದರಲ್ಲೇನಿದೆ? ಮಾಡಿಕೊಡ್ತೀನಿ. ಆದರೆ ನನಗೂ ಒಂದು ಬೇಕು. ನನ್ನ ಕುಲುಮೆ ನೋಡು. ಗೋಡೆ ಕಪ್ಪು. ಇದ್ದಿಲು ಕಪ್ಪು. ಕೈ ಕಪ್ಪು. ನರೆತ ಮೀಸೆನೂ ಕಪ್ಪು. ಬಾಗಿಲಲ್ಲಿ ಒಂದು ಕೆಂಪು ಬೇಕು."

"ಬೆಂಕಿ ಕೆಂಪಲ್ವಾ ತಾತ?"

"ಅದನ್ನ ಮುಟ್ಟೋಕಾಗುತ್ತಾ, ಮೂಸೋಕಾಗುತ್ತಾ? ದೊಡ್ಡ ಗಿಡ ಬಲಿತಿದೆ. ನಿಮ್ಮ ಚಿಕ್ಕ ಡೇರೆ ಗಿಡದ ಕುಡಿ ತಾ. ಚೋಟುದ್ದ ಸಾಕು. ಒದ್ದೆ ಮರಳಲ್ಲಿ ಊರಿ ಗಿಡ ಮಾಡ್ಕೋತೀನಿ."

ಚಿಕ್ಕ ಗಿಡದ ಕುಡಿಯಾ? ಗಿಡದ ತಲೆಯನ್ನೇ ಕೇಳಿದನಾ?

ಬೆಳ್ಳಿ ಕಣ್ಣು ಬಿಟ್ಟಳು. ಬಾಯಿ ಬಿಟ್ಟಳು. ಕೈ ಗಲ್ಲಕ್ಕಿಟ್ಟಳು. ಈ ಸಲ ಎರಡು ಕೈ, ಎರಡು ಗಲ್ಲ.

ದೊಡ್ಡ ಗಿಡದ ಹೂ ಬಾಡಿದೆ. ಚಿಕ್ಕ ಗಿಡದ ತಲೆ ಹೋದರೆ ಉಳಿಯುವುದೇನು? ಬೆಳ್ಳಿ ಕುಡುಗೋಲು ಅಲ್ಲೇ ಇಟ್ಟು ಮನೆಗೆ ಬಂದಳು. ಪರದೆಯ ಹೊರಗೆ ನಿಂತಳು.

"ಅಮ್ಮಾ."

"ಎಲ್ಲೇ ನನ್ನ ಹೂ?"

"ಬರ್ತಾ ಇದೆ. ಅಮ್ಮಾ, ಚಿಕ್ಕ ಗಿಡದ ತಲೆ ಚಿವುಟಿದರೆ ಗಿಡ ಸಾಯುತ್ತಾ?"

"ಅಯ್ಯೋ, ಚಿವುಟಬೇಡ್ವೇ! ಸತ್ತೇ ಹೋಗುತ್ತೆ!" ಅಂದಳು ಅಜ್ಜಿ.

"ಚಿವುಟು!" ಅಂದಳು ಅಮ್ಮ.

ಅಜ್ಜಿ ಕಣ್ಣು ಬಿಟ್ಟಳು. ಬಾಯಿ ಬಿಟ್ಟಳು. ಕೈ ಗಲ್ಲಕ್ಕಿಟ್ಟಳು.

"ಕೆಳಗೆ ಮೂರು ಜೊತೆ ಎಲೆ ಬಿಡು," ಅಂದಳು ಅಮ್ಮ. "ಅದರ ಮೇಲೆ ಚಿವುಟು. ಒಂದು ತಲೆ ಹೋದ ಕಡೆ ನಾಲ್ಕು ತಲೆ ಬರುತ್ತೆ."

"ನಿನಗೆ ಯಾರು ಹೇಳಿದ್ದು?" ಅಂದಳು ಅಜ್ಜಿ.

"ಯಾರೂ ಹೇಳಿಲ್ಲ ಅತ್ತೆ. ಗೆಡ್ಡೆ ಸುತ್ತಿ ಕೊಟ್ಟ ಪೇಪರಿನಲ್ಲಿ ಬರೆದಿತ್ತು. ನಾನೇ ಕೂಡಿಸಿ ಕೂಡಿಸಿ ಓದಿದೆ."

ಬೆಳ್ಳಿ ಚಿಕ್ಕ ಗಿಡದ ಮುಂದೆ ಕೂತಳು. ಒಂದು ಜೊತೆ ಎಲೆ. ಎರಡು ಜೊತೆ ಎಲೆ. ಮೂರು ಜೊತೆ ಎಲೆ. ಕಣ್ಣು ಮುಚ್ಚಿದಳು. ಟಕ್‌!

ಗಿಡದ ತಲೆ ಬೋಳಾಯಿತು. ಬೆಳ್ಳಿಗೆ ಅಳು ಬಂತು. ಅಳುತ್ತಲೇ ನಡೆದಳು. ನಿಲ್ಲಲಿಲ್ಲ.

ಬೆಳ್ಳಿ ಕಾಳಾಚಾರಿಗೆ ಕುಡಿ ಕೊಟ್ಟಳು. ಢಣ್‌ ಢಣ್‌, ಸರ್‌ ಸರ್‌! ಕುಡುಗೋಲು ಹರಿತವಾಯಿತು.

ಹೊಂಬಕ್ಕನಿಗೆ ಕುಡುಗೋಲು ಕೊಟ್ಟಳು. ಚರಕ್‌ ಚರಕ್‌! ಹುಲ್ಲು ಬಂತು.

ಕೆಂದಿಗೆ ಹುಲ್ಲು ಕೊಟ್ಟಳು. ಕರುಂ ಕುರುಂ! ಕೆಂದಿ ಅಲ್ಲಾಡಲಿಲ್ಲ. ಹಗ್ಗ ಬಂತು.

ಚಿಕ್ಕೀರನಿಗೆ ಹಗ್ಗ ಕೊಟ್ಟಳು. ಎಳೆದು ಬಿಗಿದ, ಎತ್ತಿ ಹೊತ್ತ. ಸೌದೆ ಬಂತು.

ಅಜ್ಜಿಗೆ ಸೌದೆ ಕೊಟ್ಟಳು. ಬುಸ್‌ ಬುಸ್‌! ಒಲೆ ಉರಿಯಿತು. ಹಂಡೆ ಕಾಯಿತು. ಬಿಸಿನೀರು ಬಂತು.

ಆಗ ಸೂರ್ಯ ಗುಡ್ಡದ ತುದಿಯಲ್ಲಿ ಕೂತಿದ್ದ. ಹೊಂಬಕ್ಕ ಹುಲ್ಲಿನ ಹೊರೆ ಇಟ್ಟು ಬಂದಳು. ಕಾಳಾಚಾರಿ ಕೈ ಒರೆಸಿಕೊಂಡು ಬಂದ. ಚಿಕ್ಕೀರ ಸೌದೆ ಇಳಿಸಿದವನು ಹೋಗಲೇ ಇಲ್ಲ. ಹೂವಿನ ಸ್ನಾನ ಯಾರು ನೋಡಿದ್ದಾರೆ?

ಅಜ್ಜಿ ಚೊಂಬಿಗೆ ಬಿಸಿನೀರು ಹುಯ್ದಳು. ಎರಡೇ ಬೆರಳಿನಷ್ಟು. ಹೂವಿನ ಕೆಳಗಿನ ಎಲೆ ಕಿತ್ತಳು. ಕಡ್ಡಿಯ ತುದಿ ಚೂರು ಕತ್ತರಿಸಿದಳು. ಹಬೆಯಾಡುವ ನೀರಿಗೆ ಇಳಿಬಿಟ್ಟಳು.

"ಅಜ್ಜಿ! ಸುಡುತ್ತೆ!"

"ನಿಮ್ಮಮ್ಮನಿಗೆ ಹುಯ್ಯುವಾಗಲೂ ಹೀಗೇ ಕಿರುಚಿದೆ. ಸುಮ್ಮನಿರು."

ನೀರು ಆರುವ ತನಕ ಎಲ್ಲರೂ ಚೊಂಬಿನ ಸುತ್ತ ಕೂತರು. ಆಮೇಲೆ ಅಜ್ಜಿ ಹೂವನ್ನು ತೊಳೆದ ತಂಬಿಗೆಗೆ ಇಟ್ಟಳು. ಕಂಠದ ತನಕ ತಣ್ಣೀರು. ನೆರಳಿನ ಮೂಲೆ.

ಕಾದರು. ಹೂ ಹಾಗೇ ಇತ್ತು. ಕಾದರು. ಹಾಗೇ ಇತ್ತು. ಅಜ್ಜಿ ದೀಪಕ್ಕೆ ಎಣ್ಣೆ ಹಾಕಿದಳು. ಬತ್ತಿ ಹೊಸೆದಳು. ಬೆಂಕಿಕಡ್ಡಿ ಗೀರಿದಳು...

"ಅಜ್ಜಿ, ಹಚ್ಚಬೇಡ!"

ಹೂ ಒಂದು ಸಲ ನಡುಗಿತು. ಒಂದು ಬೆರಳಿನಷ್ಟು ಎದ್ದಿತು. ಎರಡು ಬೆರಳಿನಷ್ಟು ಎದ್ದಿತು. ತಲೆ ಎತ್ತಿತು! ನೆಟ್ಟಗೆ ನಿಂತಿತು!

ಚಿಕ್ಕೀರ ಕಣ್ಣು ಬಿಟ್ಟ. ಹೊಂಬಕ್ಕ ಬಾಯಿ ಬಿಟ್ಟಳು. ಅಜ್ಜಿ ಕೈ ಗಲ್ಲಕ್ಕಿಟ್ಟಳು. ಬೆಂಕಿಕಡ್ಡಿ ಬೆರಳು ಸುಟ್ಟಿತು. "ಹಾಯ್‌!" ಕಾಳಾಚಾರಿ ಕಣ್ಣೂ ಬಿಟ್ಟ, ಬಾಯೂ ಬಿಟ್ಟ, ಕೈಯನ್ನೂ ಗಲ್ಲಕ್ಕಿಟ್ಟ. ಗಲ್ಲ ಇನ್ನಷ್ಟು ಕಪ್ಪಾಯಿತು.

ಪರದೆ ಸರಿಯಿತು. ಬೆಳ್ಳಿ ಒಳಗೆ ಹೋದಳು. ತಂಬಿಗೆಯನ್ನು ಅಮ್ಮನ ಮುಂದೆ ಹಿಡಿದಳು.

"ಅಮ್ಮಾ. ಕುಡಿಯಿಂದ ಕುಡುಗೋಲು ಬಂತು. ಕುಡುಗೋಲಿಂದ ಹುಲ್ಲು ಬಂತು. ಹುಲ್ಲಿಂದ ಹಗ್ಗ ಬಂತು. ಹಗ್ಗದಿಂದ ಸೌದೆ ಬಂತು. ಸೌದೆಯಿಂದ ಬಿಸಿನೀರು ಬಂತು. ಬಿಸಿನೀರಿಂದ ಹೂ ತಲೆ ಎತ್ತಿತು. ನೋಡು!"

ಅಮ್ಮ ನೋಡಿದಳು. ತಲೆಗೆ ಕಟ್ಟಿದ್ದ ಬಟ್ಟೆಯ ತುದಿಯಿಂದ ಕಣ್ಣು ಒರೆಸಿಕೊಂಡಳು. ಮತ್ತೆ ನೋಡಿದಳು.

ಮಡಿಲಲ್ಲಿ ಪಾಪು ಎಚ್ಚರವಾಯಿತು. ಕಣ್ಣು ಬಿಟ್ಟಿತು. ಬಾಯಿ ಬಿಟ್ಟಿತು. ಮುಷ್ಟಿ ಗಲ್ಲಕ್ಕಿಟ್ಟಿತು.

ಬೆಳ್ಳಿ ದಿನಾ ಹೂವಿನ ನೀರು ಬದಲಾಯಿಸಿದಳು. ದಿನಾ ಕಡ್ಡಿಯ ತುದಿ ಚೂರು ಕತ್ತರಿಸಿದಳು. ಹೂ ಆರು ದಿನ ನಿಂತಿತು. ಏಳನೇ ದಿನ ಬೆಳಿಗ್ಗೆ ದಳ ಉದುರಿದವು. ಬೆಳ್ಳಿ ದಳ ಹಾಕಲು ಅಂಗಳಕ್ಕೆ ಬಂದಳು. ಬೋಳು ತಲೆಯ ಗಿಡದ ಬುಡಕ್ಕೆ ಬಗ್ಗಿದಳು.

ಎಲೆಯ ಸಂದಿಯಲ್ಲಿ ಒಂದು ಚಿಗುರು. ಈ ಕಡೆ ಒಂದು ಚಿಗುರು. ಆ ಕಡೆ ಒಂದು ಚಿಗುರು. ಹಿಂದೆ ಇಣುಕಿದಳು. ಇನ್ನೊಂದು!

"ಅಮ್ಮಾ! ನಾಲ್ಕು!"

"ಅರಳಿದ ಮೇಲೆ ಬೆಳಿಗ್ಗೆ ಕೊಯ್ಯಿ," ಕೋಣೆಯೊಳಗಿಂದ ಕೂಗಿದಳು ಅಮ್ಮ. "ತಂಬಿಗೆ ಕೈಯಲ್ಲೇ ಇರಲಿ. ಕುಂಟೆಬಿಲ್ಲೆ ಆಮೇಲೆ!"

ಅಮ್ಮನಿಗೆ ಕುಂಟೆಬಿಲ್ಲೆ ಹೇಗೆ ಗೊತ್ತಾಯಿತು? ಬಾಣಂತಿ ಕೋಣೆಯಲ್ಲಿದ್ದಳು. ಕಿಟಕಿಗೆ ಚಿಲಕ ಇತ್ತು. ಕಿವಿಗೆ ಹತ್ತಿ ಇತ್ತು. ಯಾರೂ ಹೇಳಿರಲಿಲ್ಲ!

ಎಲ್ಲಿ, ಈಗ ನೀವು. ಕಣ್ಣು ಬಿಡಿ. ಬಾಯಿ ಬಿಡಿ. ಖಾಲಿ ಇಟ್ಟುಕೊಂಡ ಕೈ ಗಲ್ಲಕ್ಕಿಡಿ.