ಕೆಂಡದ ಹೊದಿಕೆ

ಮಹಾಮಳೆ ಲೋಕದ ಒಲೆಗಳನ್ನೆಲ್ಲ ಆರಿಸಿತು. ಒಂದು ಒಲೆಯ ಮೂಲೆಯಲ್ಲಿ ಮಾತ್ರ ಎರಡು ಎಳೆಯ ಕೆಂಡಗಳು ಉಳಿದವು, ಅಕ್ಕ ಮತ್ತು ತಮ್ಮ. ಹೊದೆಯುವ ಬೂದಿಯೆಲ್ಲ ಕೊಚ್ಚಿಹೋಗಿತ್ತು.

“ಅಕ್ಕಾ, ನಾವೂ ಆರಿಹೋಗುತ್ತೇವಾ?” ಎಂದ ತಮ್ಮ.

“ಇಲ್ಲ ಕಣೋ. ಬೆಂಕಿ ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆಂದು ಅಮ್ಮ ಹೇಳಿಲ್ಲವೇ? ಅದನ್ನು ನಂಬಿ ಸುಮ್ಮನೆ ಮಲಗು. ನಾನು ಹೊದಿಸುತ್ತೇನೆ.” ಅಕ್ಕ ತಮ್ಮನ ಮೇಲೆ ಒರಗಿ ಒಂದೇ ಸಮನೆ ಉರಿದಳು.

ತಮ್ಮನಿಗೆ ಬೆಚ್ಚಗಾಯಿತು. “ಬೂದಿ ಎಲ್ಲಿ ಸಿಕ್ಕಿತಕ್ಕಾ?” ಎಂದು ಕೇಳಿದ. ಅವಳಿಗೆ ನಿದ್ದೆ ಹತ್ತಿರಬೇಕು ಎಂದುಕೊಂಡು ತಾನೂ ಮಲಗಿದ.

ಮಳೆ ನಿಂತ ಮೇಲೆ ಮುದುಕಿಯೊಬ್ಬಳು ಬೆರಣಿ ಹಿಡಿದು ಬೆಂಕಿ ಹುಡುಕುತ್ತ ಬಂದಳು. ಒಲೆಗೆ ಬಾಗಿ ಊದಿದಳು. ತಮ್ಮ ಕೆಂಪಗೆ ಹೊಳೆದು ಕೂಗಿದ: “ಅಕ್ಕಾ, ಏಳು, ಬಂದರು!”

ಮೊದಲ ಉಸಿರಿಗೇ ಅಕ್ಕ ಹಾರಿಹೋಗಿದ್ದಳು.