ಹೊಗೆಯಿಲ್ಲದ ಕಾರು

“ಗುರುಗಳೇ, ನನ್ನ ಕಣ್ಣಿಗೆ ಬೀಳದ ಕೇಡಿಗೂ ನಾನು ಹೊಣೆಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವರ್ತಕ ಜಲಜನಕದಿಂದ ಓಡುವ ಕಾರುಗಳನ್ನು ಮಾರುತ್ತಿದ್ದ. ಅವಕ್ಕೆ ಪೆಟ್ರೋಲ್ ಬೇಡ. ಹೊಗೆಯಿಲ್ಲ. ಹಿಂದಿನ ಕೊಳವೆಯಿಂದ ತೊಟ್ಟಿಕ್ಕುವುದು ಬರೀ ನೀರು. ಅವನ ಬಳಿ ಒಬ್ಬ ಚಾಲಕನಿದ್ದ. ಜನ ಸೇರಿದಲ್ಲೆಲ್ಲ ಅವನು ಕಾರು ಓಡಿಸಿ ತೋರಿಸಬೇಕು, ಆ ನೀರನ್ನು ಲೋಟದಲ್ಲಿ ಹಿಡಿದು ಎಲ್ಲರೆದುರು ಕುಡಿಯಬೇಕು. ಚಾಲಕ ಹೆಮ್ಮೆಯಿಂದಲೇ ಕುಡಿಯುತ್ತಿದ್ದ. ಒಳ್ಳೆಯ ಕೆಲಸದಲ್ಲಿ ತನಗೂ ಪಾಲಿದೆ ಎಂದು ನಂಬಿದ್ದ.

ಒಮ್ಮೆ ಅವ್ವನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಊರಿಗೆ ಹೋದ. ಅವ್ವ ಉಸಿರಿಗಾಗಿ ಒದ್ದಾಡುತ್ತಿದ್ದಳು. ಊರಂಚಿನಲ್ಲಿ ಹೊಸದೊಂದು ಕಾರ್ಖಾನೆ ಎದ್ದಿತ್ತು. ಹಾಸಿಗೆಯ ಮೇಲೆ, ಉಣ್ಣುವ ಅನ್ನದ ಮೇಲೆ ಕಪ್ಪು ಬೂದಿ. ಅಲ್ಲೇನು ಮಾಡುತ್ತಾರೆಂದು ನೆರೆಯವರನ್ನು ಕೇಳಿದ. ಕಲ್ಲಿದ್ದಲಿನಿಂದ ಜಲಜನಕ ತೆಗೆದು ಅವನ ಧಣಿಯ ಕಾರುಗಳಿಗೇ ಕಳಿಸುತ್ತಾರೆ ಎಂದರು. ಅವನ ಮೈಯೆಲ್ಲ ಉರಿದುಹೋಯಿತು.

ಮುಂದಿನ ಸಲ ಜನ ಸೇರಿದಾಗ ವರ್ತಕ, “ಕುಡಿಯಪ್ಪ” ಎಂದ. ಚಾಲಕ ಲೋಟವನ್ನು ಅವನ ಮುಖಕ್ಕೇ ಹಿಡಿದ.

“ಧಣಿ, ಇಲ್ಲಿ ನೀರು ಕುಡಿದು ತೋರಿಸಿದ್ದು ಸಾಕು. ನಮ್ಮೂರಿಗೆ ಬನ್ನಿ. ನಮ್ಮವ್ವನ ಪಕ್ಕ ಕೂತು, ಈ ಕಾರಿಗೆ ಜಲಜನಕ ಕಳಿಸುವ ಕಾರ್ಖಾನೆಯ ಹೊಗೆಯಲ್ಲಿ ಒಂದು ಸಲ ಉಸಿರಾಡಿ ತೋರಿಸಿ. ಬಿಸಿಲಿನ ಬಲದಿಂದ, ಬರೀ ನೀರಿನಿಂದಲೂ ಜಲಜನಕ ತೆಗೆಯಬಹುದಂತಲ್ಲ, ಅದು ನಿಮಗೆ ಗೊತ್ತಿರಲಿಲ್ಲವೇ?”

“ಗೊತ್ತು. ಅದು ದುಬಾರಿ” ಎಂದು ವರ್ತಕ ಹಲ್ಲು ಕಡಿದ. “ಆ ಹೊಗೆ ಕಾರ್ಖಾನೆಯದು. ನನ್ನ ಕಾರಿನದಲ್ಲ.”

ಚಾಲಕ ನೀರನ್ನು ನೆಲಕ್ಕೆ ಚೆಲ್ಲಿ ಲೋಟವನ್ನು ಅಲ್ಲೇ ಬಿಸಾಡಿದ. ಕಾರಿನ ಕೀಲಿಯನ್ನು ಅವನ ಕಾಲ ಬಳಿ ಎಸೆದು ನಡೆದುಬಿಟ್ಟ.

ಸೇರಿದ ಜನರಲ್ಲೊಬ್ಬ ಮುಂದೆ ಬಂದು, ಲೋಟ ಎತ್ತಿಕೊಂಡು, ಕೊಳವೆಗೆ ಹಿಡಿದು ಕುಡಿದ. “ಶುದ್ಧವಾಗಿದೆ” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ವರ್ತಕನ ಕಾರುಗಳೆಲ್ಲ ಆವತ್ತೇ ಮಾರಾಟವಾದವು. ಚಾಲಕನ ಅವ್ವ ಮಳೆಗಾಲ ಕಾಣಲಿಲ್ಲ.

ಶಿಷ್ಯನ ಮುಖ ಕೆಂಪೇರಿತ್ತು. “ಅವಳ ಸಾವಿನ ಪಾಪ ಯಾರದು ಗುರುಗಳೇ? ವರ್ತಕನದೋ, ಕಾರ್ಖಾನೆಯವನದೋ?”

ಗುರುಗಳು ಹೇಳಿದರು: “ಚಪ್ಪಾಳೆ ತಟ್ಟಿದವರನ್ನು ನೀನೂ ಬಿಟ್ಟುಬಿಟ್ಟೆ.”